ನಾರ್ಮಲ್ ಆದರೆ ಮೊದಲೇ ಹೇಳಬಾರದಿತ್ತಾ?

ಇವತ್ತು ಆಸ್ಪತ್ರೆಗೆ ಫೋನ್ ಮಾಡಿದಾಗಲೂ ಅದೇ ಮಾತು. "ಅದೆಲ್ಲ ನಾರ್ಮಲ್, ಹೆದರಬೇಡಿ." ಕಿವಿ ಆಪರೇಷನ್ ಆದ ಈ 12 ದಿನದಲ್ಲಿ ಇದು ಮೂರನೇ ಸಲ. ಕೇಳಿದರೆ ಮೈ ಉರಿಯುತ್ತದೆ.

ನನ್ನ ಎಡಗಿವಿಯ ತಮಟೆಯಲ್ಲಿ ತೂತಿತ್ತು. ನೆಗಡಿ ಬಂದಾಗಲೆಲ್ಲ ಕಿವಿ ಸೋರುತ್ತಿತ್ತು. ಡಾಕ್ಟರು ಟಿಂಪನೊಪ್ಲಾಸ್ಟಿ, ಅಂದರೆ ತಮಟೆ ಸರಿಮಾಡುವ ಆಪರೇಷನ್, ಮಾಡೋಣ ಅಂದರು. ಕಿವಿಯ ಮೇಲ್ಗಡೆ ಸ್ನಾಯುವಿಗೆ ಅಂಟಿಕೊಂಡಿರುವ ತೆಳು ಪೊರೆ ತೆಗೆದು ತೂತಿಗೆ ತೇಪೆ ಹಾಕುತ್ತೇವೆ ಅಂದರು. ಅಷ್ಟೇ. ಸಹಿ ಹಾಕಿಸಿಕೊಂಡರು.

ಎಚ್ಚರವಾದಾಗ ಎಡಗಡೆ ಏನೂ ಕೇಳಿಸುತ್ತಿರಲಿಲ್ಲ. ಮೊದಲು ಅರ್ಧಂಬರ್ಧವಾದರೂ ಕೇಳಿಸುತ್ತಿತ್ತಲ್ವಾ! ಬ್ಯಾಂಡೇಜ್ ಇದೆ, ಅದಕ್ಕೇ ಇರಬೇಕು ಅಂದುಕೊಂಡೆ. ಬಿಚ್ಚಿದ ಮೇಲೂ ಹಾಗೇ. ರಾತ್ರಿಯೆಲ್ಲ ಕಿವಿಯ ಹತ್ತಿರ ಬೆರಳು ಉಜ್ಜಿ ಉಜ್ಜಿ ನೋಡಿದೆ. ಇದ್ದದ್ದೂ ಹೋಯಿತು ಅಂತ ಅತ್ತುಬಿಟ್ಟೆ. ಆಮೇಲೆ ತಿಳಿಯಿತು, ತೇಪೆ ಜಾರದ ಹಾಗೆ ಅದರ ಎರಡೂ ಕಡೆ ಕರಗುವ ಸ್ಪಂಜು ತುಂಬಿರುತ್ತಾರಂತೆ. ಅದು ಕರಗಲು ವಾರಗಳೇ ಬೇಕಂತೆ. ಅಲ್ಲಿವರೆಗೆ ಕಿವಿ ಮಂದವಾಗಿಯೇ ಇರುತ್ತದೆ. ಇಷ್ಟು ಹೇಳಲು ಒಂದು ನಿಮಿಷ ಸಾಕಾಗಿತ್ತು.

ನಾಲಿಗೆಯ ಕಥೆ ಇನ್ನೊಂದು. ಏನು ಬಾಯಿಗಿಟ್ಟರೂ ಎಡಗಡೆ ಕಬ್ಬಿಣ ನೆಕ್ಕಿದ ಹಾಗೆ. ಕಿವಿ ಕೊಯ್ದರೆ ನಾಲಿಗೆಗೆ ಯಾಕೆ ಏಟು? ರುಚಿಯ ಒಂದು ನರ ತಮಟೆಯ ಹಿಂದೆಯೇ ಹಾದುಹೋಗುತ್ತದೆ. ಕೆಲಸ ಮಾಡುವಾಗ ಅದನ್ನು ಸ್ವಲ್ಪ ಸರಿಸಬೇಕಾಗುತ್ತದೆ. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ. ಸರಿ, ಒಪ್ಪಿದೆ. ಆದರೆ ನಾನು ಇದನ್ನು ಕೇಳಿದ್ದು ಹೆದರಿ ನಡುಗಿದ ಮೇಲೆ. ಕಿವಿಯ ಮೇಲಂಚು ಮುಟ್ಟಿದರೆ ಗೊತ್ತಾಗುವುದಿಲ್ಲ, ಜೋಮು ಹಿಡಿದ ಹಾಗಿದೆ. ಅದೂ ನಾರ್ಮಲ್ ಅಂತೆ.

ಮನೆಗೆ ಹೊರಡುವಾಗ ಒಂದು ಚೀಟಿ ಕೈಗಿಟ್ಟರು. ನೀರು ತಾಗಿಸಬೇಡಿ, ಮೂಗು ಸೀಟಬೇಡಿ, ಭಾರ ಎತ್ತಬೇಡಿ, ಸೀನು ಬಂದರೆ ಬಾಯಿ ತೆರೆದು ಸೀನಿ. ಯಾಕೆ ಅಂತ ಒಂದಕ್ಕೂ ಬರೆದಿಲ್ಲ. ಮೂಗಿನ ಹಿಂದಿನಿಂದ ಕಿವಿಯ ಒಳಕ್ಕೆ ಒಂದು ನಳಿಕೆ ಇದೆ, ಮೂಗು ಸೀಟಿದರೆ ಗಾಳಿ ಆ ದಾರಿಯಲ್ಲಿ ನುಗ್ಗಿ ತೇಪೆಯನ್ನೇ ಎಬ್ಬಿಸಬಹುದು. ಇದು ಗೊತ್ತಿಲ್ಲದೆ ಎರಡನೇ ದಿನ ನಿದ್ದೆಗಣ್ಣಿನಲ್ಲಿ ಬಾಯಿ ಮುಚ್ಚಿಕೊಂಡೇ ಸೀನಿಬಿಟ್ಟೆ. ಅವತ್ತಿನಿಂದ ತೇಪೆ ಹೋಗೇಬಿಟ್ಟಿತೇನೋ ಅನ್ನುವ ಭಯ ಬಿಟ್ಟಿಲ್ಲ.

ಡಾಕ್ಟರ ಕೈಕೆಲಸದ ಬಗ್ಗೆ ನನ್ನ ತಕರಾರಿಲ್ಲ. ತಮಟೆ ಅಂದರೆ ಸುಮಾರು 1 ಸೆಂಟಿಮೀಟರ್ ಅಗಲ, ಕಾಗದದಷ್ಟು ತೆಳು. ಅದಕ್ಕೆ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ತೇಪೆ ಕೂರಿಸುವುದು ಸುಮ್ನೆ ಮಾತಲ್ಲ. ಅಷ್ಟು ತಾಳ್ಮೆ ಇರುವವರಿಗೆ ರೋಗಿಯ ಜೊತೆ ಐದು ನಿಮಿಷ ಕೂರುವ ತಾಳ್ಮೆ ಯಾಕಿಲ್ಲ? ನಿಮಗೆ ದಿನಾ ನೋಡುವ ಕಿವಿ. ನನಗೆ ಇರುವುದೇ ಎರಡು.

ಮುಂದಿನ ವಾರ ಚೆಕಪ್ ಇದೆ. ಪ್ರಶ್ನೆಗಳನ್ನೆಲ್ಲ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಒಂದೊಂದಕ್ಕೂ ಉತ್ತರ ಸಿಗುವವರೆಗೆ ಆ ಕುರ್ಚಿಯಿಂದ ಏಳುವುದಿಲ್ಲ.