ಟಾರ್ಗೌ ಕೋಟೆಯ ಬೀಗದ ಕೈ

ನೆಪೋಲಿಯನ್ನನ ಕಾಲದ ಜರ್ಮನ್ ರಾಜ್ಯ ಸ್ಯಾಕ್ಸನಿಯ ಅಶ್ವದಳದ ಜನರಲ್ ಯೋಹಾನ್ ಆಡಾಲ್ಫ್ ಫಾನ್ ಟೀಲ್ಮನ್‌ನನ್ನು ‘ಪಕ್ಷ ಬದಲಿಸಿದವನು’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ವಾಡಿಕೆಯಾಗಿದೆ. ಆ ಮಾತು ಸುಳ್ಳಲ್ಲ. ಆದರೆ ಬದಲಿಸಿದ ರೀತಿಯನ್ನು ನೋಡದೆ ಹಾಗೆ ಹೇಳುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

1765ರಲ್ಲಿ ಡ್ರೆಸ್ಡೆನ್‌ನಲ್ಲಿ ಹುಟ್ಟಿದ ಟೀಲ್ಮನ್ 1806ರಲ್ಲಿ ಯೇನಾದಲ್ಲಿ ಇನ್ನೊಂದು ಜರ್ಮನ್ ರಾಜ್ಯವಾದ ಪ್ರಷ್ಯಾದ ಪರವಾಗಿ ನೆಪೋಲಿಯನ್ನನ ವಿರುದ್ಧ ಹೋರಾಡಿದನು. ಸೋಲಿನ ಬಳಿಕ ಸ್ಯಾಕ್ಸನಿ ಫ್ರಾನ್ಸಿನ ಮಿತ್ರರಾಜ್ಯವಾಯಿತು. ನೆಪೋಲಿಯನ್ನನ ಬಳಿಗೆ ದೂತನಾಗಿ ಹೋದ ಟೀಲ್ಮನ್ ಅವನ ಅಭಿಮಾನಿಯಾಗಿ ಮರಳಿದನು. ಅಂದರೆ ಮೊದಲ ಬಾರಿ ಪಕ್ಷ ಬದಲಿಸಿದ್ದು ಅವನ ರಾಜ್ಯವೇ ಎಂಬುದನ್ನು ಟೀಕಾಕಾರರು ನೆನಪಿಡಬೇಕು.

ನೆಪೋಲಿಯನ್ನನ ರಷ್ಯಾ ದಂಡಯಾತ್ರೆಯಲ್ಲಿ, 1812ರ ಸೆಪ್ಟೆಂಬರ್ 7ರಂದು ಬೊರೊಡಿನೊ ರಣರಂಗದಲ್ಲಿ ಅವನ ಬ್ರಿಗೇಡಿನಲ್ಲಿ ಸ್ಯಾಕ್ಸನಿಯ ಎರಡು ಭಾರಿ ಅಶ್ವದಳ ರೆಜಿಮೆಂಟುಗಳೂ ಪೋಲಿಷ್ ಕ್ಯುರಾಸಿಯರ್ (ಎದೆಗವಚ ತೊಟ್ಟ ಸವಾರರ) ಪಡೆಯೂ ಇದ್ದವು. ಸೆಮ್ಯೊನೊವ್ಸ್ಕೊಯೆಯ ಹಳ್ಳವನ್ನು ದಾಟಿ ರಷ್ಯನ್ ಕಾಲಾಳುಗಳ ಮೇಲೆ ಎರಗಿದ ಆ ಸವಾರರೇ ಮಧ್ಯಾಹ್ನ ರಷ್ಯನ್ನರ ರಾಯೆವ್ಸ್ಕಿ ಬುರುಜಿನ ಮೇಲೂ ನುಗ್ಗಿದರು. ಫಿರಂಗಿಗಳು ತುಂಬಿದ ಮಣ್ಣಿನ ಕೋಟೆಯೊಂದನ್ನು ಕುದುರೆಯ ಮೇಲೇರಿ ಹಿಡಿಯುವುದು ಯುದ್ಧಗಳ ಚರಿತ್ರೆಯಲ್ಲಿಯೇ ಅಪರೂಪ. ಆದರೂ ನೆಪೋಲಿಯನ್ನನ ಪ್ರಕಟಣೆ ಆ ಕೀರ್ತಿಯನ್ನು ಅಲ್ಲಿಯೇ ಮಡಿದ ಫ್ರೆಂಚ್ ಜನರಲ್ ಕೊಲಾಂಕೂರ್‌ಗೆ ಸಲ್ಲಿಸಿತು. ಕೊಲಾಂಕೂರ್‌ನ ಶೌರ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಸ್ಯಾಕ್ಸನ್ನರ ಪಾಲು ಮರೆಯಾದದ್ದು ಮಾತ್ರ ನನಗೆ ಇಂದಿಗೂ ನೋವಿನ ಸಂಗತಿ. ಆ ರೆಜಿಮೆಂಟುಗಳಿಂದ ರಷ್ಯಾ ಬಿಟ್ಟು ಮನೆ ಸೇರಿದವರು ಬೆರಳೆಣಿಕೆಯಷ್ಟು ಮಂದಿ. ಟೀಲ್ಮನ್‌ಗೆ ಆ ದಂಡಯಾತ್ರೆಯ ಸೇವೆಗಾಗಿ ಫ್ರೈಹೆರ್ (ಬ್ಯಾರನ್) ಪದವಿ ದೊರೆಯಿತು.

1813ರ ವಸಂತದಲ್ಲಿ ಅವನು ಎಲ್ಬ್ ನದಿಯ ದಡದ ಟಾರ್ಗೌ ಕೋಟೆಯ ಅಧಿಪತಿಯಾಗಿದ್ದನು. ಯಾರಿಗೂ ಬಾಗಿಲು ತೆರೆಯಬಾರದೆಂಬುದು ಸ್ಯಾಕ್ಸನಿಯ ರಾಜ ಫ್ರೆಡ್ರಿಕ್ ಆಗಸ್ಟನ ಆಜ್ಞೆಯಾಗಿತ್ತು. ಮೇ 2ರಂದು ಲ್ಯೂಟ್ಸೆನ್‌ನಲ್ಲಿ ನೆಪೋಲಿಯನ್ ಗೆದ್ದೊಡನೆ ಆಜ್ಞೆ ತಿರುಗಿತು. ಕೋಟೆಯನ್ನು ಫ್ರೆಂಚರಿಗೆ ಒಪ್ಪಿಸಬೇಕಾಯಿತು. ಟೀಲ್ಮನ್ ಕೋಟೆಯನ್ನು ರಷ್ಯನ್ನರಿಗೆ ಮಾರಲಿಲ್ಲ, ಸೈನಿಕರನ್ನೂ ಕರೆದೊಯ್ಯಲಿಲ್ಲ. ಅಧಿಕಾರವನ್ನು ಬಿಟ್ಟು, ಸೇನಾಧಿಕಾರಿ ಆಸ್ಟರ್‌ನೊಡನೆ ಹೊರನಡೆದನು. ದ್ರೋಹವೆಂದರೆ ಒಪ್ಪಿಸಿದ್ದನ್ನು ಕದ್ದು ಕೊಡುವುದಾದರೆ, ಇದಕ್ಕೆ ಆ ಹೆಸರು ಸಲ್ಲದು. ಆದರೆ ಅದೇ ವರ್ಷ ಅವನು ರಷ್ಯನ್ ಸೇವೆಗೆ ಸೇರಿ, ತನ್ನ ರಾಜನ ಮಿತ್ರರ ಮೇಲೆ ಕತ್ತಿ ಎತ್ತಿದ್ದನ್ನು ನಾನು ಅಷ್ಟು ಸುಲಭವಾಗಿ ಸಮರ್ಥಿಸಲಾರೆ.

1815ರಲ್ಲಿ ಅವನು ಪ್ರಷ್ಯಾದ ಸೇವೆಗೆ ಬಂದು, ಅದರ ಮೂರನೆಯ ಕೋರ್‌ನ (ದೊಡ್ಡ ಸೇನಾ ವಿಭಾಗದ) ನಾಯಕನಾಗಿದ್ದನು. ಯುದ್ಧ ಸಿದ್ಧಾಂತಿ ಕ್ಲೌಸೆವಿಟ್ಸ್ ಅವನ ಸೇನಾ ಸಿಬ್ಬಂದಿಯ ಮುಖ್ಯಸ್ಥ. ಜೂನ್ 18ರಂದು ವಾವ್ರ್‌ನಲ್ಲಿ ದೀಲ್ ನದಿಯ ಸೇತುವೆಗಳನ್ನು ಕಾಯುತ್ತ, ಸುಮಾರು 17,000 ಸೈನಿಕರಿಂದ ಫ್ರೆಂಚ್ ಸೇನಾನಿ ಗ್ರೂಶಿಯ 30,000ಕ್ಕೂ ಹೆಚ್ಚು ಜನರನ್ನು ತಡೆದು ನಿಂತನು. ಮರುದಿನ ಅವನು ಹಿಮ್ಮೆಟ್ಟಿದ್ದರಿಂದ ಅದನ್ನು ಸೋಲೆಂದು ಬರೆಯುವವರಿದ್ದಾರೆ. ಆದರೆ ಗ್ರೂಶಿ ಅಲ್ಲಿ ಸಿಲುಕಿಕೊಂಡಿದ್ದ ಆ ಗಂಟೆಗಳಲ್ಲೇ ಪ್ರಷ್ಯಾದ ಸೇನಾಧಿಪತಿ ಬ್ಲೂಶರ್‌ನ ಉಳಿದ ಪಡೆಗಳು, ನೆಪೋಲಿಯನ್ ಅದೇ ದಿನ ಸೋತ ವಾಟರ್ಲೂ ತಲುಪಿದ್ದವು.

ಟೀಲ್ಮನ್ 1824ರಲ್ಲಿ ಕೊಬ್ಲೆಂಟ್ಸ್‌ನಲ್ಲಿ, ಪ್ರಷ್ಯಾದ ಜನರಲ್ ಆಗಿಯೇ ತೀರಿಕೊಂಡನು. ಅವನು ಬಿಟ್ಟುಬಂದ ಟಾರ್ಗೌ ಫ್ರೆಂಚರ ಕೈಸೇರಿ, ಮುತ್ತಿಗೆಯಲ್ಲಿ ಸಾವಿರಾರು ಜನ ಟೈಫಸ್ ಜ್ವರದಿಂದ ಸತ್ತ ಬಳಿಕ, 1814ರ ಜನವರಿಯಲ್ಲಿ ಪ್ರಷ್ಯನ್ನರಿಗೆ ಶರಣಾಗಿತ್ತು. ಮರುವರ್ಷ ವಿಯೆನ್ನಾ ಸಮ್ಮೇಳನವು ಆ ಊರನ್ನು ಸ್ಯಾಕ್ಸನಿಯಿಂದ ಕತ್ತರಿಸಿ ಪ್ರಷ್ಯಾಕ್ಕೆ ಕೊಟ್ಟಿತು.