ಜೋಡಿಗಳಿಗೆ ‘ಪ್ರಶಾಂತ’ ಮಡಿಕೇರಿ, ಅದೂ ದಸರೆಯಲ್ಲಿ!

‘ಶರತ್ಕಾಲದ ರೊಮ್ಯಾಂಟಿಕ್ ಮಡಿಕೇರಿ, ಜೋಡಿಗಳಿಗೆ ಮಾತ್ರ!’ ಇವತ್ತು ಮತ್ತೆ ಬಂತು ಆ ಜಾಹೀರಾತು, ಈ ಸಲ ಉದುರುವ ಕೆಂಪು ಮೇಪಲ್ ಎಲೆಗಳ ಫೋಟೊ ಸಮೇತ. ಸ್ವಾಮಿ, ಕಾಫಿ ಗಿಡ ನಿತ್ಯಹಸಿರು! ಅಕ್ಟೋಬರಿನಲ್ಲಿ ಇಲ್ಲಿ ಉದುರುವುದು ಮಳೆ. ಅಂಟಿಕೊಳ್ಳುವುದು ಪ್ರೇಮವಲ್ಲ, ಜಿಗಣೆ.

ಪ್ರಶಾಂತವಂತೆ! ವಿಜಯದಶಮಿ ರಾತ್ರಿ ಹತ್ತು ದೇವಸ್ಥಾನಗಳ ಮಂಟಪ, ಅಂದರೆ ದೇವರ ಕಥೆಯ ದೊಡ್ಡ ಸ್ತಬ್ಧಚಿತ್ರಗಳ ಮೆರವಣಿಗೆ, ಹೊರಟರೆ ಬೆಳಗಾಗುವ ತನಕ ಊರಿಗೆ ಊರೇ ರಸ್ತೆಯಲ್ಲಿ, ಸದ್ದಿಗೆ ಕಿಟಕಿ ಗಾಜೂ ಕುಣಿಯುತ್ತದೆ. ಹನಿಮೂನ್ ಸೂಟಿಗೆ ಮಾತ್ರ ವಿನಾಯಿತಿಯೇ? ಅದರ ಆಚೀಚೆಯೇ, ಅಕ್ಟೋಬರ್ 17ರ ಸುಮಾರಿಗೆ, ತುಲಾ ಸಂಕ್ರಮಣ: ಕಾವೇರಿ ತೀರ್ಥೋದ್ಭವಕ್ಕೆ ತಲಕಾವೇರಿಯಲ್ಲಿ ಜನಜಾತ್ರೆ. ಭಾಗಮಂಡಲದಿಂದ ತಲಕಾವೇರಿಗೆ 8 ಕಿಲೋಮೀಟರೇ ನಿಜ, ಆದರೆ ಆವತ್ತು ಅದನ್ನು ಕಿಲೋಮೀಟರಿನಲ್ಲಿ ಅಳೆಯುವವರು ಯಾರು?

‘ಬೆಂಗಳೂರಿನಿಂದ ಐದೇ ತಾಸು’ ಎಂದವರು ಕುಶಾಲನಗರದ ಮೇಲಿನ 30 ಕಿಲೋಮೀಟರ್ ತಿರುವುಗಳಲ್ಲಿ ಟೂರಿಸ್ಟ್ ಬಸ್ಸಿನ ಬಾಲ ಹಿಡಿದು ಬಂದಿದ್ದಾರಾ? ರಾಜಾಸೀಟಿನ ಸೂರ್ಯಾಸ್ತವೋ, ಮುಂದೆ ಮಂಜು, ಹಿಂದೆ ಸೆಲ್ಫಿ ಸ್ಟಿಕ್ಕು. ಅಬ್ಬಿ ಜಲಪಾತಕ್ಕೆ ಕೈಕೈ ಹಿಡಿದು ಇಳಿದವರು ಮೆಟ್ಟಿಲು ಹತ್ತುವಾಗ ಮಾತು ಬಿಟ್ಟಿರುತ್ತಾರೆ. ಇನ್ನು ಆ ‘ವ್ಯಾಲಿ ವ್ಯೂ’ ಕೋಣೆ! ಪರದೆ ಸರಿಸಿದರೆ ಕಣಿವೆಗೆ ಅಡ್ಡಲಾಗಿ ಟೆಂಪೊ ಟ್ರಾವೆಲರ್, ಅದರ ಕನ್ನಡಿಗೆ ಒಣಹಾಕಿದ ಯಾರದೋ ಒದ್ದೆ ಸಾಕ್ಸು.