ಜೂನ್ 27ರಂದು ಏನು ಮಾಡ್ತೀರಿ?

ಜೂನ್ 26 ಬಂತು ಅಂದ್ರೆ ನಮ್ಮ ಕೋಲಾರ ಜಿಲ್ಲೆಯ ಯಾವ ತಾಲ್ಲೂಕಿಗೆ ಹೋದರೂ ಒಂದೇ ನೋಟ. ಹೈಸ್ಕೂಲು ಮಕ್ಕಳ ಕೈಯಲ್ಲಿ ಪ್ಲಕಾರ್ಡು, ಮುಂದೆ ಬ್ಯಾನರ್ ಹಿಡಿದ ಅಧಿಕಾರಿಗಳು, ಬಸ್ ಸ್ಟ್ಯಾಂಡ್‌ವರೆಗೆ ಜಾಥಾ. ವಾಪಸ್ ಬಂದು ಪ್ರತಿಜ್ಞೆ. ಆಮೇಲೆ ಟೀ, ಬಿಸ್ಕತ್ತು. ಸಂಜೆಯೊಳಗೆ ವಾಟ್ಸಾಪ್ ಗ್ರೂಪಲ್ಲಿ ಫೋಟೊ. ವಿಶ್ವಸಂಸ್ಥೆ 1987ರಲ್ಲಿ ಮಾದಕ ವಸ್ತು ವಿರೋಧಿ ದಿನ ಅಂತ ಗೊತ್ತು ಮಾಡಿದ ದಿನ ಅದು. ಮಾಡಲಿ, ತಪ್ಪೇನಿಲ್ಲ. ನನ್ನ ತಕರಾರು ಇರೋದು 27ನೇ ತಾರೀಖಿನ ಬಗ್ಗೆ. ಅವತ್ತು ಈ ಕೆಲಸ ಯಾರದ್ದು ಅಂತ ಕೇಳಿ ನೋಡಿ. ಶಿಕ್ಷಣ ಇಲಾಖೆ ಪೊಲೀಸರ ಕಡೆ ಕೈ ತೋರಿಸುತ್ತೆ, ಪೊಲೀಸರು ಆರೋಗ್ಯ ಇಲಾಖೆ ಕಡೆ, ಅವರು ಪಂಚಾಯಿತಿ ಕಡೆ.

ನಾನು ಮುಳಬಾಗಿಲು ಕಡೆಯವನು. ಹುಡುಗರು ಕುಡಿತ, ಗಾಂಜಾ ಅಂತ ದಾರಿ ತಪ್ಪಬಾರದು ಅಂತ ಊರಲ್ಲಿ ಒಂದು ಸಣ್ಣ ಗುಂಪು ಕಟ್ಟಿಕೊಂಡು ಓಡಾಡ್ತಾ ಇದ್ದೀವಿ. ಈ ಕೆಲಸ ಶುರು ಮಾಡೋದು ಬಲು ಸುಲಭ ರೀ. ಕುಡಿದು ಬೈಕ್ ಓಡಿಸಿ ಯಾರಾದ್ರೂ ವಯಸ್ಸಿನ ಹುಡುಗ ಹೋಗಿಬಿಟ್ಟರೆ ಮಾರನೇ ದಿನ ಅರಳಿಕಟ್ಟೆ ತುಂಬ ಜನ. 'ಇನ್ಮೇಲೆ ಸುಮ್ನೆ ಬಿಡಬಾರದು' ಅಂತ ಎಲ್ಲರ ಬಾಯಲ್ಲೂ. ತಿಂಗಳು ಕಳೆದರೆ ಕಟ್ಟೆ ಅರ್ಧ ಖಾಲಿ. ಟೊಮೆಟೊ ಕೀಳೋ ಸೀಸನ್ ಬಂದರೆ ಕೇಳಲೇಬೇಡಿ. ರೇಟ್ ಚೆನ್ನಾಗಿದ್ದಾಗ ರಾತ್ರಿಯೆಲ್ಲ ಕ್ರೇಟ್ ತುಂಬಿ ಬೆಳಗಾಗೋದರೊಳಗೆ ಮಂಡಿ ಸೇರಬೇಕು, ಸಭೆಗೆ ಯಾರು ಬರುತ್ತಾರೆ? ಅವರನ್ನ ಬಯ್ಯೋ ಹಾಗೂ ಇಲ್ಲ. ಹೊಟ್ಟೆಪಾಡು.

ಹಾಗಾಗಿ ಜನರ ಕಾಳಜಿ ಕಮ್ಮಿ ಆಯ್ತು ಅನ್ನೋ ಮಾತನ್ನ ನಾನು ಒಪ್ಪಲ್ಲ. ಕಾಳಜಿ ಇದೆ. ಅದನ್ನ ವಾರವಾರ ಹಿಡಿದಿಡೋ ಜಾಗ ಇಲ್ಲ.

ಗಡಿ ಆಚೆಯ ಒಂದು ಕಥೆ ನೋಡಿ. ನಮ್ಮ ಕಡೆ ಮನೆಮಾತು ತೆಲುಗು ಇರೋ ಊರು ಜಾಸ್ತಿ, ಅದಕ್ಕೇ ಅಲ್ಲಿನ ಸುದ್ದಿ ನಮಗೆ ಬೇಗ ಮುಟ್ಟುತ್ತೆ. 1990ರ ದಶಕದ ಶುರುವಿನಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಹೆಂಗಸರು ಸಾರಾಯಿ ವಿರುದ್ಧ ಎದ್ದರು. ಅದು ಹುಟ್ಟಿದ್ದು ಅಕ್ಷರ ಕಲಿಸೋ ರಾತ್ರಿ ಶಾಲೆಗಳಲ್ಲಿ. ಕೂಲಿ ಮುಗಿಸಿ ಬಂದು ಒಟ್ಟಿಗೆ ಕೂರ್ತಿದ್ದರು, ಓದ್ತಿದ್ದರು, ಮನೆ ಕಷ್ಟ ಹೇಳಿಕೊಳ್ತಿದ್ದರು. ಕಿಚ್ಚು ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿತು. 1993ರಲ್ಲಿ ಆಂಧ್ರದಲ್ಲಿ ಸಾರಾಯಿ ಬಂದ್ ಆಯ್ತು, 1995ರಲ್ಲಿ ಪೂರ್ತಿ ಪಾನನಿಷೇಧವೇ ಬಂತು. 1997ರ ಹೊತ್ತಿಗೆ ಅದನ್ನ ಸಡಿಲ ಮಾಡಿದರು. ಅಷ್ಟು ದೊಡ್ಡ ಹೋರಾಟದ ಫಲ ಅಷ್ಟು ಬೇಗ ಯಾಕೆ ಕೈ ಜಾರಿತು? ಸರ್ಕಾರಕ್ಕೆ ದುಡ್ಡು ಬೇಕಿತ್ತು, ಅದು ಸರಿ. ಆದರೆ ಗೆದ್ದ ಮೇಲೂ ಊರೂರಲ್ಲಿ ಹಾಗೆ ರಾತ್ರಿ ಕೂರೋ ಗುಂಪುಗಳು ಗಟ್ಟಿಯಾಗಿ ಉಳಿದಿದ್ದರೆ ಅಷ್ಟು ಸಲೀಸಾಗಿ ಆಗ್ತಿರಲಿಲ್ಲ ಅನ್ನೋದು ನನ್ನ ಲೆಕ್ಕ.

ನಮ್ಮಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಆ ಜಾಗಕ್ಕೆ ಕಮ್ಮಿ ರೇಟಿನ ವಿಸ್ಕಿ ಪ್ಯಾಕೆಟ್ ಬಂದು ಕೂತಿತು. ಈಗ ಅದು ಎಷ್ಟೋ ಹಳ್ಳಿಯಲ್ಲಿ ಚಿಲ್ಲರೆ ಅಂಗಡಿಯಲ್ಲೇ ಸಿಗುತ್ತೆ, ಬೀಡಿ-ಬೆಂಕಿಪೊಟ್ಟಣದ ಪಕ್ಕದಲ್ಲಿ. 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ ರಾಜ್ಯ ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ಯಾವ ಪಕ್ಷದ ಸರ್ಕಾರ ಇದ್ದರೂ ಈ ಗುರಿ ಮೇಲೆ ಹೋಗುತ್ತೇ ಹೊರತು ಕೆಳಗೆ ಇಳಿಯಲ್ಲ. ಇಂಥದ್ರಲ್ಲಿ ಮೇಲಿನವರೇ ಬಂದು ನಮ್ಮ ಹುಡುಗರನ್ನ ಕಾಪಾಡ್ತಾರೆ ಅಂತ ಕಾಯೋದು ಪೆದ್ದತನ ಅಲ್ವಾ?

ಇನ್ನು ಶಾಲೆಯ ಭಾಷಣಗಳು. ತಲೆಬುರುಡೆ ಚಿತ್ರ, ಕಪ್ಪಾದ ಶ್ವಾಸಕೋಶ, ಬಾಯಿ ಕ್ಯಾನ್ಸರ್. ಮುಂದಿನ ಸಾಲಿನ ಮಕ್ಕಳು ಹೆದರುತ್ತಾರೆ, ಹಿಂದಿನ ಬೆಂಚಿನವರು ನಗುತ್ತಾರೆ. 'ಗಾಂಜಾ ಹೆಂಗಿರುತ್ತೆ ಅಂತ ನಾನು ಮೊದಲು ನೋಡಿದ್ದೇ ಆ ಪಿಪಿಟಿಯಲ್ಲಿ ಸಾರ್' ಅಂದ ಒಬ್ಬ ಹತ್ತನೇ ಕ್ಲಾಸಿನ ಹುಡುಗ. ಹೆದರಿಸೋ ಮಾತು, ಬರೀ ಮಾಹಿತಿ, ಚಟ ಬಿಟ್ಟವರನ್ನ ವೇದಿಕೆ ಹತ್ತಿಸಿ ಕಥೆ ಹೇಳಿಸೋದು, ಇವುಗಳಿಂದ ತಡೆಯೋ ಕೆಲಸ ಆಗಲ್ಲ, ಕೆಲವು ಸಲ ಉಲ್ಟಾ ಹೊಡೆಯುತ್ತೆ ಅಂತ ವಿಶ್ವಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ 2018ರಲ್ಲಿ ತಂದ ಮಾರ್ಗಸೂಚಿಯೇ ಹೇಳುತ್ತೆ. ಆದರೂ ನಾವು ಅದನ್ನೇ ಮಾಡ್ತೀವಿ. ಯಾಕಂದ್ರೆ ಅದು ಒಂದೇ ದಿನದಲ್ಲಿ ಮುಗಿಯುತ್ತೆ.

ಮುಗಿಯದೆ ನಡೆದರೆ ಏನಾಗುತ್ತೆ ಅನ್ನೋದಕ್ಕೆ ಐಸ್‌ಲ್ಯಾಂಡ್ ಇದೆ. ನಮಗೂ ಅವರಿಗೂ ಏನೂ ಹೋಲಿಕೆ ಇಲ್ಲ, ಒಪ್ಪಿದೆ. ಅಲ್ಲಿ 1998ರಲ್ಲಿ 15-16 ವರ್ಷದ ಮಕ್ಕಳಲ್ಲಿ 42% ಜನ ಹಿಂದಿನ ಒಂದು ತಿಂಗಳಲ್ಲಿ ಮತ್ತೇರುವಷ್ಟು ಕುಡಿದಿದ್ದರು. 2016ಕ್ಕೆ ಅದು 5% ಆಯ್ತು. ಶಾಲೆಗಳಲ್ಲಿ ವರ್ಷವರ್ಷ ಹೆಸರಿಲ್ಲದ ಸರ್ವೆ ಮಾಡಿ, ಅದರ ಲೆಕ್ಕವನ್ನ ಆಯಾ ಊರಿನ ಕೈಗೇ ಕೊಟ್ಟರು. ಸಂಜೆ ಹೊತ್ತು ಆಟ, ಸಂಗೀತಕ್ಕೆ ದುಡ್ಡು ಹಾಕಿದರು. ಅಪ್ಪ-ಅಮ್ಮಂದಿರು ಗುಂಪು ಮಾಡಿಕೊಂಡು ರಾತ್ರಿ ಬೀದಿ ಸುತ್ತಿದರು. ನನಗೆ ಇದರಲ್ಲಿ ಹಿಡಿಸಿದ್ದು ಆಟವೂ ಅಲ್ಲ, ಸರ್ವೆಯೂ ಅಲ್ಲ. ಅಷ್ಟೂ ವರ್ಷ ಕೈ ಬಿಡದೆ ಮಾಡಿದರಲ್ಲ, ಅದು.

ನಮ್ಮೂರಲ್ಲಿ ಕೈ ಬಿಡದೆ ನಡೆಯೋದು ಏನಿದೆ ಅಂತ ಯೋಚಿಸಿದರೆ ಹೊಳೆಯೋದು ಹಾಲಿನ ಡೈರಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅರ್ಧ ಊರು ಕ್ಯಾನ್ ಹಿಡಿದು ಬರುತ್ತೆ. ಸೆಕ್ರೆಟರಿ ಸ್ಯಾಂಪಲ್ ತೆಗೀತಾನೆ, ಫ್ಯಾಟ್ ನೋಡ್ತಾನೆ, ಪುಸ್ತಕದಲ್ಲಿ ಬರಕೊಳ್ತಾನೆ. ಹಬ್ಬ ಇರಲಿ, ಸಾವಿರಲಿ, ಎಲೆಕ್ಷನ್ ಇರಲಿ, ಡೈರಿ ಬಾಗಿಲು ತೆಗೆಯಲೇಬೇಕು. ಹಸು ರಜಾ ಹಾಕಲ್ಲ ನೋಡಿ. ಡೈರಿಗೂ ಉದ್ಘಾಟನೆ ಆಗಿತ್ತು, ಟೇಪು ಕಟ್ ಮಾಡಿದ್ದರು. ಆದರೆ ಅದು ಉಳಿದಿರೋದು ಟೇಪಿನಿಂದ ಅಲ್ಲ, ಆ ಪುಸ್ತಕದಿಂದ.

ಈಗ ನಾವು ಬೇರೆ ಸಭೆ ಕರೆಯಲ್ಲ. ಹಾಲಿನ ಬಟವಾಡೆ ದಿನ ಡೈರಿ ಜಗಲಿ ಮೇಲೆ ಅರ್ಧ ಗಂಟೆ ಕೂರ್ತೀವಿ. ಹೇಗೂ ಎಲ್ಲರೂ ಬಂದಿರುತ್ತಾರೆ. ಹೆಂಗಸರು ವೇದಿಕೆ ಮೇಲೆ ಹೇಳದ್ದನ್ನ ಕ್ಯೂನಲ್ಲಿ ನಿಂತು ಹೇಳ್ತಾರೆ. ಒಂದಿನ ಒಬ್ಬಾಕೆ ಖಾಲಿ ಕ್ಯಾನ್ ಹಿಡಿದು ಪಕ್ಕಕ್ಕೆ ಬಂದು ಮೆಲ್ಲಗೆ ಅಂದರು: 'ಅಣ್ಣಾ, ನಮ್ಮ ಹುಡುಗನ ಬಟ್ಟೆ ಒಗೆಯೋವಾಗ ಪಂಕ್ಚರ್ ಸಲ್ಯೂಷನ್ ವಾಸನೆ ಬರುತ್ತೆ. ಸ್ಕೂಲಿಗೂ ಸರಿಯಾಗಿ ಹೋಗ್ತಿಲ್ಲ. ಅವರಪ್ಪಂಗೆ ಹೇಳಿದ್ರೆ ಹೊಡೆದು ಸಾಯಿಸ್ತಾರೆ.' ಇಂಥ ಮಾತು ಯಾವ ಜಾಥಾದಲ್ಲಿ ಬರುತ್ತೆ ಹೇಳಿ? ಕೇಂದ್ರ ಸರ್ಕಾರಕ್ಕಾಗಿ ಏಮ್ಸ್‌ನವರು ಮಾಡಿ 2019ರಲ್ಲಿ ಹೊರಬಂದ ಸಮೀಕ್ಷೆಯಲ್ಲಿ, ಹೀಗೆ ಸಲ್ಯೂಷನ್‌ನಂಥದ್ದನ್ನ ಅಮಲಿಗೆ ಮೂಸೋ ಚಟ 10ರಿಂದ 17 ವರ್ಷದ ಮಕ್ಕಳಲ್ಲಿ 1.17%, ದೊಡ್ಡವರಲ್ಲಿ 0.58%. ಮಕ್ಕಳೇ ಮುಂದೆ. ಆ ಹುಡುಗನ ಕ್ಲಾಸ್ ಮೇಷ್ಟ್ರ ಹತ್ತಿರ ಮಾತಾಡಿದೆವು, ಸೈಕಲ್ ಶಾಪಿನವರಿಗೆ ಹೇಳಿದೆವು, ಅವನ ಸೋದರಮಾವನನ್ನ ಕರೆಸಿದೆವು. ಹೊಡೆತ ಇಲ್ಲ, ಸ್ಟೇಷನ್ ಇಲ್ಲ. ಹುಡುಗ ಈಗ ಸ್ಕೂಲಿಗೆ ಹೋಗ್ತಿದ್ದಾನೆ. ನಾಳೆ ಹೇಗೋ ಗೊತ್ತಿಲ್ಲ, ಕಣ್ಣಿಟ್ಟಿದ್ದೀವಿ.

ಕಣ್ಣಿಡೋದಕ್ಕೆ ಒಂದು ರಿಜಿಸ್ಟರ್ ಇದೆ. ಅದರಲ್ಲಿ ಹೆಸರು ಬರೆಯಲ್ಲ, ಊರಲ್ಲಿ ಮಾನ ಹರಾಜಾಗುತ್ತೆ. ಶಾಲೆಗೆ ಸತತ ಗೈರಾದ ಮಕ್ಕಳೆಷ್ಟು, ಚಿಲ್ಲರೆ ಅಂಗಡಿಯಲ್ಲಿ ಎಣ್ಣೆ ಸಿಗ್ತಿದೆಯಾ ನಿಂತಿದೆಯಾ, ಮಂಗಳವಾರ ಆಸ್ಪತ್ರೆಗೆ ಎಷ್ಟು ಜನ ಹೋದರು. ಇಷ್ಟೇ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಕೂರೋ ಮನೋಚೈತನ್ಯ ಅನ್ನೋ ಕಾರ್ಯಕ್ರಮ ಇದೆ, ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಲೈಟ್ ಕಂಬದ ಮೇಲಿನ 'ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸುತ್ತೇವೆ' ಅನ್ನೋ ಚೀಟಿ ಮಾತ್ರ ಎಲ್ಲರಿಗೂ ಗೊತ್ತು! ಊಟದಲ್ಲಿ ಕದ್ದು ಔಷಧಿ ಬೆರೆಸೋದು ಪ್ರಾಣಕ್ಕೇ ಕುತ್ತು ತರಬಹುದು. ದಿನಾ ಜಾಸ್ತಿ ಕುಡಿಯೋರು ಒಂದೇಟಿಗೆ ನಿಲ್ಲಿಸಿದರೂ ಕೈ ನಡುಕ, ಫಿಟ್ಸ್, ಭ್ರಮೆ ಬರಬಹುದು. ಅದಕ್ಕೇ ಡಾಕ್ಟರ್ ಬೇಕು.

ಗಾಂಜಾ ವಿಷಯದಲ್ಲಿ ಮನೆಯವರು ಬಾಯಿ ಬಿಡದಿರೋದಕ್ಕೆ ಕಾರಣ ಪೊಲೀಸ್ ಭಯ. ಆದರೆ ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲೇ 64ಎ ಅಂತ ಒಂದು ಕಲಂ ಇದೆ. ಸೇವನೆಯ ಅಥವಾ ಸ್ವಲ್ಪವೇ ಇಟ್ಟುಕೊಂಡ ಕೇಸಿದ್ದರೂ, ವ್ಯಸನಿ ತಾನೇ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಇರೋ ಕಡೆ ಪೂರ್ತಿ ಚಿಕಿತ್ಸೆ ತಗೊಂಡರೆ ಮೊಕದ್ದಮೆಯಿಂದ ರಕ್ಷಣೆ ಸಿಗುತ್ತೆ. ಮಾರೋನಿಗೆ ಇದು ಇಲ್ಲ.

ಈಗ ನನ್ನ ಮುಖ್ಯ ಮಾತು. ನಮ್ಮ ಕ್ಯಾಲೆಂಡರೇ ತಪ್ಪು. ಜೂನ್ 26ರಂದು ಯಾವ ಹುಡುಗನೂ ಮೊದಲ ಗುಟುಕು ಕುಡಿಯಲ್ಲ. ಕುಡಿಯೋದು ಯುಗಾದಿ ಮಾರನೇ ದಿನ ಹೊಸತೊಡಕಿಗೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ರಾತ್ರಿ. ಊರ ಜಾತ್ರೆಯಲ್ಲಿ. ಪಿತೃಪಕ್ಷದಲ್ಲಿ ಹಿರಿಯರ ಎಡೆಗೆ ಇಟ್ಟ ಕ್ವಾರ್ಟರನ್ನ ಆಮೇಲೆ ಯಾರು ಮುಗಿಸ್ತಾರೆ ಅಂತ ಯಾವತ್ತಾದ್ರೂ ನೋಡಿದ್ದೀರಾ? ಪಂಚಾಯಿತಿ ಎಲೆಕ್ಷನ್ ಬಂದರಂತೂ ಹದಿನಾರು ವರ್ಷದವನ ಕೈಗೂ ಪುಕ್ಕಟೆ ಪ್ಯಾಕೆಟ್. ನಿಜವಾಗಿ ಎಚ್ಚರ ಇರಬೇಕಾದ್ದು ಈ ದಿನಗಳಲ್ಲಿ.

ಬಿಟ್ಟವರಿಗೂ ಅಷ್ಟೇ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳ ಬಗ್ಗೆ ಬೇಕಾದಷ್ಟು ಚರ್ಚೆ ಮಾಡಬಹುದು. ಆದರೆ ಶಿಬಿರ ಮುಗಿದ ಮೇಲೆ ಬಿಟ್ಟವರನ್ನೆಲ್ಲ ನವಜೀವನ ಸಮಿತಿ ಅಂತ ಸೇರಿಸಿ ಕೂರಿಸ್ತಾರಲ್ಲ, ಆ ಕ್ರಮ ಸರಿಯಾದದ್ದು. ಶಿಬಿರದೊಳಗೆ ಬಿಡೋದು ಕಷ್ಟ ಅಲ್ಲ, ಬೀಗರ ಊಟದಲ್ಲಿ ಬಿಡೋದು ಕಷ್ಟ. ಬಾಳೆಎಲೆ ಮುಂದೆ ಕೂತಿರ್ತಾನೆ, ಬಾಮೈದ ಬಂದು 'ಇವತ್ತೊಂದಿನ ಭಾವ, ನನಗೋಸ್ಕರ' ಅಂತಾನೆ. ಬೇಡ ಅಂದರೆ ಸಂಬಂಧಕ್ಕೆ ಅವಮಾನ. ಅದಕ್ಕೇ ನಮ್ಮ ಗುಂಪಲ್ಲಿ ಒಂದು ರೂಢಿ ಇದೆ: ಬಿಟ್ಟ ಮೊದಲ ವರ್ಷ ಬೀಗರ ಊಟಕ್ಕೆ ಅವನೊಬ್ಬನೇ ಹೋಗೋ ಹಾಗಿಲ್ಲ. ಕುಡಿಯದ ಒಬ್ಬ ಪಕ್ಕದ ಎಲೆಯಲ್ಲಿ ಕೂತಿರಬೇಕು. ಪುಕ್ಕಟೆ ಮಟನ್ ಊಟ ಸಿಗುತ್ತೆ ಅಂತ ಈ ಡ್ಯೂಟಿಗೆ ಮಾತ್ರ ಜನ ನಾ ಮುಂದು ತಾ ಮುಂದು ಅಂತಾರೆ.

ಒಬ್ಬ ಮತ್ತೆ ಕುಡಿದ ಅಂದ ತಕ್ಷಣ 'ಇದೆಲ್ಲ ದಂಡ' ಅನ್ನೋರೂ ಇದ್ದಾರೆ. ಬಿಪಿ ಮಾತ್ರೆ ಬಿಟ್ಟು ಮತ್ತೆ ಬಿಪಿ ಜಾಸ್ತಿ ಆದೋರಿಗೆ ನಾವು ಹಾಗಂತೀವಾ?

ಇನ್ನೊಂದು ತಾಪತ್ರಯ, ಜನ ಬದಲಾಗೋದು. ಆಸಕ್ತಿ ಇದ್ದ ಹೆಡ್ ಮಾಸ್ಟರು, ಪಿಎಸ್‌ಐ, ಪಿಡಿಒ ಒಬ್ಬೊಬ್ಬರಾಗಿ ವರ್ಗ ಆಗ್ತಾರೆ. ಶಾಲೆಯ ಉಸ್ತುವಾರಿ ಸಮಿತಿ ಎಸ್‌ಡಿಎಂಸಿ ಮೂರು ವರ್ಷಕ್ಕೆ, ಪಂಚಾಯಿತಿ ಐದು ವರ್ಷಕ್ಕೆ ಹೊಸದು. ಒಬ್ಬ ಒಳ್ಳೆ ಅಧಿಕಾರಿಯನ್ನ ನಂಬಿಕೊಂಡ ಕೆಲಸ ಅವರ ಬೀಳ್ಕೊಡುಗೆ ಹಾರದ ಜೊತೆಗೇ ಮುಗಿಯುತ್ತೆ. ವರ್ಗ ಆಗದವರು ಊರಲ್ಲಿ ಯಾರು? ಡೈರಿ ಸೆಕ್ರೆಟರಿ, ಆಶಾ ಅಕ್ಕ, ಅಂಗನವಾಡಿ ಟೀಚರು, ಸ್ತ್ರೀಶಕ್ತಿ ಸಂಘದವರು. ಕೆಲಸ ಇವರ ಸುತ್ತ ಕಟ್ಟಬೇಕು. ಆದರೆ ಇವರ ತಲೆ ಮೇಲೆ ಈಗಾಗಲೇ ಹತ್ತು ಸರ್ವೆ ಹೇರಿದ್ದೀವಿ, ಹಾಗಾಗಿ ಪುಕ್ಕಟೆ ಮಾಡಿ ಅನ್ನೋದು ಅನ್ಯಾಯ. ಪಂಚಾಯಿತಿ ಸ್ವಂತ ಸಂಪನ್ಮೂಲದಲ್ಲಿ ಇದಕ್ಕೆ ಅಂತಲೇ ಒಂದು ಬಾಬ್ತು ಬರಬೇಕು. ದೊಡ್ಡ ಮೊತ್ತ ಬೇಡ. ಅರಿವು ಕೇಂದ್ರ, ಅಂದ್ರೆ ಪಂಚಾಯಿತಿ ಲೈಬ್ರರಿ, ಸಂಜೆ ತೆರೆದಿರೋಕೆ, ವಾಲಿಬಾಲ್ ನೆಟ್‌ಗೆ, ಮಂಗಳವಾರ ಆಸ್ಪತ್ರೆಗೆ ಹೋಗೋರ ಬಸ್ ಚಾರ್ಜಿಗೆ, ಓಡಾಡೋರಿಗೆ ಒಂದಿಷ್ಟು ಗೌರವಧನ. ಫ್ಲೆಕ್ಸಿಗೆ ಒಂದು ರೂಪಾಯಿನೂ ಬೇಡ.

ಬಜೆಟ್‌ನಲ್ಲಿ ಒಂದು ಸಲ ಬಾಬ್ತು ಸೇರಿದರೆ ಮುಂದಿನ ವರ್ಷ ಅದನ್ನ ತೆಗೆಯೋಕೆ ಯಾರಾದ್ರೂ ಬಾಯಿ ಬಿಟ್ಟು ಹೇಳಬೇಕಾಗುತ್ತೆ. ಹೆಂಗಸರು ತುಂಬಿರೋ ಗ್ರಾಮಸಭೆಯಲ್ಲಿ ಆ ಧೈರ್ಯ ಮಾಡೋ ಮೆಂಬರ್ ಕಮ್ಮಿ. ವಾರ್ಡ್ ಸಭೆ, ಗ್ರಾಮಸಭೆ ಎರಡನ್ನೂ ಆರು ತಿಂಗಳಿಗೊಮ್ಮೆಯಾದ್ರೂ ಕರೆಯಲೇಬೇಕು. ಮಾರ್ಚ್‌ಗೆ ಮುಂಚಿನ ಸಭೆಯಲ್ಲೇ ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಬರೆದದ್ದನ್ನ ಓದಿಸಿಕೊಂಡೇ ಎದ್ದು ಬನ್ನಿ. ನಾವು ಕೊಟ್ಟ ಅರ್ಜಿಯ ನಕಲು ನನ್ನ ಹತ್ತಿರ ಇದೆ. ಬೇಕಾದವರು ಇನ್‌ಬಾಕ್ಸ್‌ಗೆ ಬನ್ನಿ, ಕಳಿಸ್ತೀನಿ. ಮನೆಯಲ್ಲೇ ತೊಂದರೆ ಇರೋರು ಗ್ರಾಮಸಭೆವರೆಗೆ ಕಾಯಬೇಡಿ. ಚಟ ಬಿಡಿಸೋ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ 14416. ಎರಡೂ ಉಚಿತ.